ದಂಡೋತಿಯ ಸುಂದರಬಾಯಿ ಕಲಿತ ಅರಬ್ಬಿ

ದಂಡೋತಿಯ ಸುಂದರಬಾಯಿ ಕುವೈತಿನಿಂದ ವಾಪಸು ಬಂದಾಗ ಕೈಯಲ್ಲಿದ್ದದ್ದು ಒಂದು ಬ್ಯಾಗು, ಒಂದು ಕಾಗದ. ಅವಳನ್ನು ಕಳಿಸಿದ್ದ ಕಲಬುರಗಿಯ ಏಜೆಂಟ್ ಅಣವೀರ ಕಾಗದ ಓದಿ ಹೇಳಿದ: 'ಮನೆಗೆಲಸಕ್ಕೆ ಅಸಮರ್ಥಳು.'

ಎಳೆಯ ವಯಸ್ಸಿನಲ್ಲೇ ಅರವತ್ತು ಕುರಿ ಕಾಯ್ದವಳು, ಗಂಡ ತೀರಿದ ಮೇಲೆ ಶಹಾಬಾದಿನಲ್ಲಿ ಗಂಡಸರ ಸರಿಸಮ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತವಳು. ಆ ಒಂದು ಪದ ಮುಳ್ಳಿನಂತೆ ಚುಚ್ಚಿ ಒಳಗೇ ಮುರಿದುಕೊಂಡಿತು.

ಹೋಗುವ ಮುಂಚೆ ಅಣವೀರ ಅವಳಿಗೆ ಕಲಿಸಿದ್ದು ಒಂದೇ ಮಾತು. "ಏನ್ ಕೇಳಿದ್ರೂ ನಅಮ್ ಅನ್ನು. ಹೌದ್ ಅಂದಂಗ. ಅಷ್ಟ ಸಾಕು." ಅಷ್ಟರಲ್ಲೇ ಎಂಟು ತಿಂಗಳು ದೂಡಿದಳು. ಒಂದು ದಿನ ಜ್ವರದಲ್ಲಿ ನಡುಗುತ್ತ ಮೆಟ್ಟಿಲು ಒರೆಸುವಾಗ ಮನೆಯೊಡತಿ ಎದುರಿಗೆ ನಿಂತು "ಶ್ಫೀಚ್? ಶ್ಫೀಚ್?" ಅಂದಳು. ಬೈಯುತ್ತಿದ್ದಾಳೆಂದು ತಿಳಿದು "ನಅಮ್, ನಅಮ್" ಎನ್ನುತ್ತ ಇನ್ನೂ ಬಿರುಸಾಗಿ ಒರೆಸಿದಳು. ಸಂಜೆಗೆ ಬಿದ್ದಳು. ಆಸ್ಪತ್ರೆ, ಆಮೇಲೆ ವಿಮಾನ.

ಇದನ್ನೆಲ್ಲ ಅವಳು ವಾಡಿಯ ನೂರಜಹಾನ್ ಮುಂದೆ ಹೇಳಿಕೊಂಡಳು. ಹನ್ನೊಂದು ವರ್ಷ ಕುವೈತಿನಲ್ಲಿ ಅಡುಗೆ ಮಾಡಿ ಬಂದು ಈಗ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನೂರಜಹಾನ್ ಮಷೀನು ನಿಲ್ಲಿಸಿದಳು.

"ಶ್ಫೀಚ್ ಅಂದ್ರ ಬೈಗುಳ ಅಲ್ಲ ಸುಂದರಾ. ನಿನಗೇನ್ ಆಗ್ಯಾದ ಅಂತ ಕೇಳ್ಯಾಳ ಆಕಿ."

ಸುಂದರಬಾಯಿ ಆ ಪದವನ್ನು ತನ್ನಷ್ಟಕ್ಕೇ ಎರಡು ಸಲ ಹೇಳಿ ನೋಡಿದಳು. ಆಮೇಲೆ ಹೇಳಿದಳು: "ಆಪಾ, ನಾ ಮತ್ತ ಹೋಗ್ತೀನಿ. ನಂಗ ಆ ಮಾತ ಕಲಸ್ರಿ. ಹೌದ್ ಅನ್ನೂದು ಬರ್ತದ. ಒಲ್ಲೆ ಅನ್ನೂದ ಮೊದಲ ಕಲಸ್ರಿ."

"ಮಾ ಅಬೀ," ಅಂದಳು ನೂರಜಹಾನ್.

ಸುಂದರಬಾಯಿ ವಾರಕ್ಕೆ ಮೂರು ದಿನ ಟಂಟಂ ಆಟೋ ಹತ್ತಿ ವಾಡಿಗೆ ಬರತೊಡಗಿದಳು. ದಿನಕ್ಕೆ ಹತ್ತು ಪದ ನೋಟ್‌ಬುಕ್ಕಿಗೆ. ಒಂದೊಂದನ್ನೂ ಐದು ವಾಕ್ಯಗಳಲ್ಲಿ ಕೂಡಿಸಿ ಹೇಳಬೇಕು. ನೀರು ಬೇಕು, ಅಬೀ ಮಾಯ್. ನೂರಜಹಾನ್ ದವಾ, ಸಾಬೂನ್, ಕುರ್ಸಿ ಅಂದಾಗ "ಇವು ನಮ್ಮವ ಅವಲ್ಲಾ!" ಎಂದು ನಕ್ಕಳು. ಗಂಟಲಿನ ಆಳದಿಂದ ಎತ್ತಬೇಕಾದ ಅಕ್ಷರ ಮಾತ್ರ ಬಾಯಿಗೆ ಸಿಗಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಕುರಿ ಅಟ್ಟುವ ಕೂಗಿನಲ್ಲಿ.

ನೂರಜಹಾನಳ ಅಣ್ಣ ಅಬ್ದುಲ್ ಕರೀಮ್ ಮದರಸಾದಲ್ಲಿ ಓದಿದವನು. ಪಾಠ ಕೇಳಿ ಮುಖ ಗಂಟಿಕ್ಕಿದ. "ಶುಕ್ರವಾರಕ್ಕ ಜುಮಾ ಅಂತಾರ. ಯುಮಾ ಯಾಕ ಕಲಸ್ತಿ?"

"ಕಿತಾಬಿನಾಗ ಜುಮಾ ಭಾಯಿ. ಅವರ ಅಡಗಿ ಮನ್ಯಾಗ ಯುಮಾ. ಈಕಿ ಹೊಂಟದ್ದು ಅಡಗಿ ಮನಿಗಿ."

ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಲೂ ಮಾ ಅಬೀ, ಮಾ ಅಬೀ ಎನ್ನುವ ಸುಂದರಬಾಯಿಯ ಬಾಯಿ ನಿಲ್ಲುತ್ತಿರಲಿಲ್ಲ. ಅರ್ಥ ಕೇಳಿ ತಿಳಿದ ತಮ್ಮ ಬೀರಲಿಂಗನಿಗೆ ಅದು ಸರಿಬರಲಿಲ್ಲ. "ಯಕ್ಕಾ, ದುಡಿಲಿಕ್ಕ ಹೋದಲ್ಲಿ ಒಲ್ಲೆ ಅನ್ನೂದು ಛಂದ ಕಾಣ್ಸಂಗಿಲ್ಲ."

"ಛಂದ ಕಾಣ್ಲಿ ಅಂತ ಕಲಿಲಿಕತ್ತಿಲ್ಲ ನಾ," ಅಂದಳು.

ಮತ್ತೆ ಕಳಿಸಲು ಕೇಳಿ ಅವಳು ಅಣವೀರನಿಗೆ ಪಾಸ್‌ಪೋರ್ಟು ಕೊಟ್ಟು ಬಂದಿದ್ದಳು; ಆರು ತಿಂಗಳ ಮೇಲೆ ಅವನು ಕರೆಸಿದ. ಕುವೈತಿನ ಒಂದು ಮನೆಯವರು ಫೋನಿನಲ್ಲಿ ಮುಖ ನೋಡಿ ಮಾತಾಡುವವರಿದ್ದರು. ಸೇಡಂ, ಚಿಂಚೋಳಿ ಕಡೆಯ ನಾಲ್ಕೈದು ಹೆಂಗಸರೂ ಸರದಿಗೆ ಕಾಯುತ್ತಿದ್ದರು. ತೆರೆಯ ಮೇಲಿನ ಹೆಂಗಸು ಹೇಳಿದಳು: ವಾರವಿಡೀ ಕೆಲಸ, ಪಾಸ್‌ಪೋರ್ಟು ನಮ್ಮ ಬಳಿ ಇರಬೇಕು. ಸುಂದರಬಾಯಿಗೆ ಒಂದೊಂದು ಮಾತೂ ತಿಳಿಯಿತು.

"ನಅಮ್ ಅನ್ನು," ಅಣವೀರ ಪಿಸುಗುಟ್ಟಿದ.

"ಯೋಮ್ ಅಲ್-ಯುಮಾ ಅಬೀ ರಾಹಾ," ಅಂದಳು ಸುಂದರಬಾಯಿ. ಶುಕ್ರವಾರ ನನಗೆ ರಜೆ ಬೇಕು. "ಜವಾಜಿ ಇಂದಿ." ಪಾಸ್‌ಪೋರ್ಟು ನನ್ನ ಹತ್ತಿರವೇ ಇರುತ್ತದೆ.

ಆ ಕಡೆ ಫೋನು ಕಡಿಯಿತು. ಅಣವೀರನ ಮುಖ ಕೆಂಪಗಾಯಿತು. "ಮುಗೀತು ನಿನ್ನ ಕತಿ. ಇನ್ನ ಈ ಕಡಿ ಬರಬ್ಯಾಡ."

"ಬರಂಗಿಲ್ಲ. ನಿಮ್ಮ ಡ್ರಾದಾಗ ನನ್ನ ಪಾಸ್‌ಪೋರ್ಟ ಅದ, ಕೊಡ್ರಿ."

"ನಾಳಿ ಬಾ, ನೋಡಮು."

"ಮಾ ಅಬೀ." ಅವಳು ಕುರ್ಚಿ ಎಳೆದು ಅವನ ಟೇಬಲ್ಲಿನೆದುರು ಕೂತಳು. ಕಾಲು ಗಂಟೆ ಹಾಗೇ ಕೂತಿದ್ದಳು. ಕಾಯುತ್ತಿದ್ದ ಹೆಂಗಸರೆಲ್ಲ ಅಣವೀರನನ್ನೇ ನೋಡುತ್ತಿದ್ದರು. ಕಡೆಗೆ ಅವನು ಡ್ರಾ ತೆಗೆದ. ಅವಳು ಹೊರಗೆ ಬಂದಾಗ ಸೇಡಮಿನ ಒಬ್ಬಳು ಹಿಂದೆಯೇ ಬಂದು ಕೇಳಿದಳು: "ಅಕ್ಕಾ, ಇದು ಎಲ್ಲಿ ಕಲ್ತ್ರಿ?"

ನೂರಜಹಾನ್ ತನ್ನ ಹಳೆಯ ಪರಿಚಯದವರಿಂದ ಹುಡುಕಿಸಿದ ಮತ್ತೆರಡು ಮನೆಯವರೂ ಬೇಡವೆಂದರು. ನಾಲ್ಕನೆಯದು ಕುವೈತಿನ ಜಹರಾ ಊರಿನ ಮನೆ. ನಡೆಯಲಾಗದ ಮುದುಕಿಯನ್ನು ನೋಡಿಕೊಳ್ಳಬೇಕಿತ್ತು. ಅವರು ಎರಡೂ ಷರತ್ತಿಗೆ ಒಪ್ಪಿದರು. ಸುಂದರಬಾಯಿ ಹೋದಳು.

ಅಲ್ಲಿ ಮುದುಕಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಇನ್ನೊಂದು ಪೇಚು ಕಾದಿತ್ತು. ಈಜಿಪ್ಟಿನ ನರ್ಸ್ ಆಡುವ ಅರಬ್ಬಿಯೇ ಬೇರೆ, ಒಂದಕ್ಷರ ತಿಳಿಯಲಿಲ್ಲ. ಹಿಂದಿನ ಸುಂದರಬಾಯಿಯಾಗಿದ್ದರೆ ತಲೆಯಾಡಿಸುತ್ತಿದ್ದಳು. ಈಗ "ಶ್ವಯ್ ಶ್ವಯ್" ಎಂದು ಕೈಯೆತ್ತಿ ತಡೆದಳು. ನಿಧಾನ. ನರ್ಸ್ ಮೂರು ಸಲ ಬಿಡಿಸಿ ಹೇಳಿದಳು. ಆ ದಿನವೇ ಸುಂದರಬಾಯಿ ತನ್ನ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆದಳು: ಎಡಕ್ಕೆ ಮನೆಯ ಮಾತು, ಬಲಕ್ಕೆ ನರ್ಸಮ್ಮನದು.

ವಾಡಿಯಲ್ಲಿ ಈಗ ನೂರಜಹಾನ್ ಮುಂದೆ ಐವರು ಕೂರುತ್ತಾರೆ, ಸೇಡಮಿನವಳೂ ಇದ್ದಾಳೆ. ಹೊಲಿಗೆ ಮಷೀನಿನ ಮೇಲಿಟ್ಟ ಫೋನಿನಿಂದ ಸುಂದರಬಾಯಿಯ ದನಿ ಬರುತ್ತದೆ. "ಎಲ್ಲಿ ಅನ್ಲಿಕ್ಕ ಮನ್ಯಾಗ ವೇನ್, ದವಾಖಾನ್ಯಾಗ ಫೇನ್. ಎರಡೂ ಬರಕೊಳ್ರಿ. ಈಗ ಜೋರಾಗಿ ಅನ್ರಿ."