ಬುಡನ್ ಸಾಬರ ಕಿವಿ

ತಿಪಟೂರಿನ ಮೆಕ್ಯಾನಿಕ್ ಬುಡನ್ ಸಾಬರು ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಇಂಜಿನ್ನಿಗೆ ಊರಿ, ಹಿಡಿಗೆ ಕಿವಿಯಿಟ್ಟು, "ಬೇರಿಂಗ್ ಅಳ್ತೈತೆ ಕಣಪ್ಪ" ಎಂದರೆ ಮುಗಿಯಿತು. ಅರ್ಧ ತಾಲ್ಲೂಕಿನ ತೆಂಗು ಅವರ ಕಿವಿಯಿಂದಲೇ ನೀರು ಕುಡಿಯುತ್ತದೆಂದು ಜನ ನಗುತ್ತಾರೆ. ಕರಾವಳಿಯ ಹೊಸ ಬಂದರಿನಲ್ಲಿ ಕಡಲೊಳಗೆ ಕಂಬ ಬಡಿಯುವ ಯಂತ್ರ ಕೆಟ್ಟಾಗಲೂ ಅವರೇ ಹೋಗಿ ಒಂದೇ ದಿನಕ್ಕೆ ಸರಿಮಾಡಿದರು. ಮರಳುವಾಗ ದೋಣಿಯ ತಳಕ್ಕೂ ಸ್ಕ್ರೂಡ್ರೈವರ್ ಊರಿದರೆ ಅದೇ ಅಳು. "ಬೇರಿಂಗ್ ಹೋಗೈತೆ" ಎಂದರು. ದೋಣಿಯವನು ಇಂಜಿನ್ ನಿಲ್ಲಿಸಿದ, ಅಳು ನಿಲ್ಲಲಿಲ್ಲ. "ಅದು ತಿಮಿಂಗಿಲ ಮಾರಾಯ್ರೆ, ಮರಿ ಹಾಕ್ಲಿಕ್ಕೆ ಬಂದದ್ದು" ಎಂದ. ಮರುದಿನ ಯಂತ್ರ ಶುರುವಾದ ಮೇಲೆ ಅದೇ ದೋಣಿಯಲ್ಲಿ ಹೋಗಿ ಕಿವಿಯಿಟ್ಟರೆ ಬಡಿತವೊಂದೇ ಕೇಳಿತು, ಅಳು ಇರಲಿಲ್ಲ. "ಬಂದರು ಬ್ಯಾಡ ಅನ್ನಲ್ಲ ಕಣ್ರೀ. ಆವತ್ತು ಸಂಜೇನೇ ನಾನು, ಮರಿ ಹಾಕೋಗಂಟ ರಿಪೇರಿ ಆಗಕಿಲ್ಲ ಅಂದುಬುಟ್ಟಿದ್ರೆ ಸಾಕಿತ್ತು" ಎನ್ನುತ್ತಾರೆ. ಈಗೀಗ ಯಾವ ಇಂಜಿನ್ ಸರಿಮಾಡಿದರೂ, ಅದನ್ನು ನಿಲ್ಲಿಸಿ, ಮತ್ತೆ ಕಿವಿಯಿಟ್ಟು ಸುಮ್ಮನೆ ಕೂರುತ್ತಾರೆ.