ಓನರ್ ಸಾರ್ ಅವರ ಟರ್ಬೈನ್ ಕಾರು

ಕಳೆದ ತಿಂಗಳು ವಿಮಾನದಿಂದ ಇಳಿಯುವಾಗ ಬಿಸಿ ಸೀಮೆಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ಹಿಂದಿದ್ದವರು "ನಡೀರಿ ಮೇಡಂ" ಎಂದು ಗೊಣಗುವವರೆಗೂ ಮೆಟ್ಟಿಲ ಕಂಬಿ ಹಿಡಿದು ನಿಂತೇ ಇದ್ದೆ. ಆ ವಾಸನೆಗೆ ಇಂದಿಗೂ ನನ್ನ ಕಾಲು ಏಳುವುದಿಲ್ಲ.

ಎಂಬತ್ತರ ದಶಕದ ಆರಂಭ. ಜಯನಗರದ ಒಂದು ಮನೆಯ ಮಹಡಿಯಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಕೆಳಗೆ ಓನರ್ ಸಾರ್ ಮತ್ತು ಅವರ ಹೆಂಡತಿ. ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಸಾರ್. ನಾನು ಆಗಷ್ಟೇ ಕಾಲೇಜಿಗೆ ಸೇರಿದ ಗಣಿತದ ಲೆಕ್ಚರರ್. ಹಿತ್ತಲಿನ ಶೆಡ್ಡಿನಲ್ಲಿ ಅವರು ತಮ್ಮ ಹಳೆಯ ಕಾರಿನ ಎಂಜಿನ್ ಕಿತ್ತುಹಾಕಿ, ಅಲ್ಲಿ ಪ್ರೆಷರ್ ಕುಕ್ಕರಿನಷ್ಟು ದೊಡ್ಡ ಟರ್ಬೈನ್ ಕೂರಿಸುತ್ತಿದ್ದರು. ಚಕ್ರ ತಿರುಗಿಸುವುದು ಬ್ಯಾಟರಿಯ ಮೋಟಾರು. ಸೀಮೆಎಣ್ಣೆ ಉರಿಸಿ ಆ ಬ್ಯಾಟರಿಗಳನ್ನು ತುಂಬಿಸುವುದಷ್ಟೇ ಟರ್ಬೈನಿನ ಕೆಲಸ.

"ನೋಡಮ್ಮ, ಕಾರಿನ ಎಂಜಿನ್ ನಿಂತ್ರೂ ಕುಡಿಯತ್ತೆ, ಹೊರಟ್ರೂ ಕುಡಿಯತ್ತೆ. ಟರ್ಬೈನ್‌ನ ಹಂಗೆ ಕುಣಿಸಿದ್ರೆ ಅದೂ ಕುಡುಕನೇ. ಒಂದೇ ಸ್ಪೀಡಲ್ಲಿ ಬಿಟ್ಬಿಟ್ರೆ ಸನ್ಯಾಸಿ ಥರ ಇರತ್ತೆ," ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಈ ಮಾತಿಗೆ ನಕ್ಕಿದ್ದರಂತೆ. ಆ ನಗು ಅವರನ್ನು ಚುಚ್ಚುತ್ತಲೇ ಇತ್ತು. ನಕ್ಕವರನ್ನೇ ಕರೆಸಿ, ಊರಾಚೆಯ ತಲಘಟ್ಟಪುರದವರೆಗೆ ಹೋಗಿ ಬಂದು, ಎಷ್ಟು ಎಣ್ಣೆ ಉಳಿಯಿತೆಂದು ಅವರೆದುರಿಗೇ ಅಳೆದು ತೋರಿಸಬೇಕೆಂಬುದು ಅವರ ಆಸೆ. ಟರ್ಬೈನಿನ ಅಲಗುಗಳು ಅಷ್ಟು ವೇಗವನ್ನು ತಾಳುತ್ತವೆಯೇ ಎಂಬ ಲೆಕ್ಕವನ್ನು ನನ್ನಿಂದ ಮೂರು ಸಲ ಪರೀಕ್ಷೆ ಮಾಡಿಸಿದರು. ಮೂರು ಸಲವೂ ಸರಿಯಿತ್ತು. ಕಾಫಿ ತಂದ ಅವರ ಹೆಂಡತಿ, "ನನ್ ಜಾತಕಾನೂ ಇಷ್ಟು ಸಲ ನೋಡಿಸ್ಲಿಲ್ಲಮ್ಮ ಇವ್ರು" ಎಂದು ರೇಗಿಸಿದ್ದು ನೆನಪಿದೆ.

ವಿಜಯದಶಮಿಯ ಬೆಳಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಆಯುಧಪೂಜೆ. ಸ್ಪ್ಯಾನರು, ಸುತ್ತಿಗೆ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಟರ್ಬೈನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಕಸಕಡ್ಡಿ ಹೋಗಿ ಅಲಗು ಮುರಿಯದಂತೆ ಹಾಕುವ ಜಾಲರಿಯನ್ನೂ ಬಿಚ್ಚಿ ತೊಳೆದು ಬಿಸಿಲಿಗಿಟ್ಟಿದ್ದರು. ಮಂಗಳಾರತಿ ಮುಗಿದು ಎಲ್ಲರೂ ಪ್ರಸಾದಕ್ಕೆ ಒಳಗೆ ಹೋದರು, ನಾನೊಬ್ಬಳೇ ಉಳಿದೆ. ಕಾರಿಗೆಲ್ಲ ಹೂವು, ಅಕ್ಷತೆ. ನಿಜವಾಗಿ ದುಡಿಯುವ ಟರ್ಬೈನಿಗೆ ಮಾತ್ರ ಒಂದು ಕಾಳೂ ಇಲ್ಲವಲ್ಲ, ಪಾಪ ಎನಿಸಿತು. ಬಾನೆಟ್ ತೆರೆದೇ ಇತ್ತು. ಕೈಯಲ್ಲಿ ಉಳಿದಿದ್ದ ಅಕ್ಷತೆಯನ್ನು ಅದರ ಬಾಯಿಗೇ ಹಾಕಿ ಕೈಮುಗಿದೆ. ಅಷ್ಟೆಲ್ಲ ಲೆಕ್ಕ ನೋಡಿದ ನನ್ನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ!

ಮರುದಿನ ಬೆಳಗ್ಗೆ ಅವರು ಜಾಲರಿ ಬಿಗಿದು ಸ್ವಿಚ್ ಒತ್ತಿದರು. ಮೊದಲು ಸೀಟಿ, ಆಮೇಲೆ ಕಿವಿ ಕೊರೆಯುವ ಕೂಗು... ಏರುತ್ತಾ ಏರುತ್ತಾ ಅದು ಒಮ್ಮೆಗೇ ಒಡೆಯಿತು. ಅಲಗಿನ ಚೂರೊಂದು ಶೆಡ್ಡಿನ ಶೀಟು ಸೀಳಿ ಆಚೆ ಹಾರಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾರ್ಖಾನೆಯಿಂದ ಬಂದಿದ್ದ ಇಬ್ಬರು ಈ ಸಲ ನಗದೆ ಹೊರಟುಹೋದರು. ಕಸ ಗುಡಿಸಲು ನಾನೇ ನಿಂತೆ. ಜಾಲರಿಯ ಒಳಮೈಗೆ ಹಳದಿ ಅಕ್ಕಿಕಾಳೊಂದು ಅಂಟಿಕೊಂಡಿತ್ತು. ಅದನ್ನು ಸೆರಗಿನಲ್ಲಿ ಒರೆಸಿ ತೆಗೆದುಬಿಟ್ಟೆ.

ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ... ಅವರು ತಮ್ಮ ಲೆಕ್ಕವನ್ನೇ ಅನುಮಾನಿಸತೊಡಗಿದರು. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಊಟದ ತಟ್ಟೆಯ ಪಕ್ಕದಲ್ಲೂ ಅದೇ ನೋಟ್‌ಬುಕ್. ಮೈ ಇಳಿದುಹೋಯಿತು. ಒಂದು ದಿನ ಅವರ ಹೆಂಡತಿ ಮಹಡಿ ಹತ್ತಿ ಬಂದು, "ಎಲ್ಲಿ ತಪ್ಪಾಗಿದೆ ಅಂತ ನೀನಾದ್ರೂ ತೋರಿಸ್ಬಿಡಮ್ಮ, ಸಮಾಧಾನ ಆದ್ರೆ ಬಿಟ್ಬಿಡ್ತಾರೆ" ಎಂದು ಅತ್ತರು.

ಮರುದಿನ ಸಾರ್ ಅವರೇ ನೋಟ್‌ಬುಕ್ ಚಾಚಿದರು. "ಎಲ್ಲಮ್ಮ ಎಡವಿದೀನಿ? ನಿಂಗೆ ಕಂಡಿರತ್ತೆ. ನಂಗೆ ಬೇಜಾರಾಗತ್ತೆ ಅಂತ ಮುಚ್ಚಿಡ್ಬೇಡ."

ಅಕ್ಷತೆಯ ವಿಷಯ ಹೇಳಲು ಹೆದರಿದೆ. ನಡುಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿರಬಹುದು ಸಾರ್" ಎಂದೆ. ಅದು ತಪ್ಪಾದರೆ ಇಡೀ ಲೆಕ್ಕವೇ ಬಿದ್ದಂತೆ. ತಮಗಿಂತ ನನಗೆ ಗಣಿತ ಚೆನ್ನಾಗಿ ಗೊತ್ತೆಂದು ಅವರು ನಂಬಿದ್ದರು. ಬಹಳ ಹೊತ್ತು ನೋಡಿ, ಕೆಂಪು ಪೆನ್ಸಿಲಿನಲ್ಲಿ ಆ ಸಾಲನ್ನು ಹೊಡೆದುಹಾಕಿ, "ಒಳ್ಳೇದಾಗ್ಲಿ ಕಣಮ್ಮ ನಿಂಗೆ" ಎಂದರು. ಅದೇ ವಾರ ಕಾರು ಗುಜರಿಗೆ ಹೋಯಿತು. ಅವರು ಮತ್ತೆ ಶೆಡ್ಡಿನ ಕಡೆ ತಿರುಗಲಿಲ್ಲ. ಎರಡು ವರ್ಷದೊಳಗೆ ಹೋಗಿಬಿಟ್ಟರು. ನಾವು ಆ ಮನೆಯಲ್ಲಿದ್ದಷ್ಟು ದಿನವೂ ಕುಕ್ಕರ್ ಸೀಟಿ ಹೊಡೆಯುವ ಮೊದಲೇ ನಾನು ಓಡಿಹೋಗಿ ಒಲೆ ಆರಿಸುತ್ತಿದ್ದೆ.

ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಬ್ಯಾಟರಿಯೂ ಎಂಜಿನ್ನೂ ಎರಡೂ ಇರುವ ಕಾರುಗಳು ಸದ್ದಿಲ್ಲದೆ ಪಕ್ಕದಲ್ಲಿ ಬಂದು ನಿಂತಾಗ ಬೆಚ್ಚುತ್ತೇನೆ, ಅವರೇ ಕೂತಿದ್ದಾರೇನೋ ಎಂದು ಒಳಗೆ ಇಣುಕುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದೆ, ರಾಶಿ ರಾಶಿ ಉತ್ತರಪತ್ರಿಕೆ ತಿದ್ದಿದೆ. ಸರಿಯಾದ ಲೆಕ್ಕವನ್ನು ಗೊತ್ತಿದ್ದೂ ತಪ್ಪೆಂದದ್ದು ಒಮ್ಮೆ ಮಾತ್ರ... ಅದು ಸರಿಯಿತ್ತು ಸಾರ್ ಎಂದು ಹೇಳೋಣವೆಂದರೆ ಅವರಿಲ್ಲ.