ತಾಜ್ ಬೀ ಕೇಳಬೇಕೆಂದಿದ್ದ ಒಂದು ಮಾತು

ಕನಕರಾಜ್ ಎಂಬ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಮನೆಗೆ ಪಾರ್ಸೆಲ್ ಹಂಚುವುದಕ್ಕೆ ಅವನಿಗೆ ಸಂಬಳ. ಅವನಿಂದ ನಮ್ಮ ಎದುರು ಮನೆಯ ತಾಜ್ ಬೀಗೆ ಆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ತಾಜ್ ಬೀ ಹೊಸದುರ್ಗದಿಂದ ಚಿತ್ರದುರ್ಗದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಗಂಡ ಫಜಲುಲ್ಲಾ ಹಾಸಿಗೆ ಹೊಲಿಯುತ್ತಾರೆ. ಹಳೇ ಹತ್ತಿಯನ್ನು ಬಿಡಿಸುವ ಮಿಷನ್ನು ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಈಕೆ ಮೂಗಿಗೆ ಸೆರಗು ಕಟ್ಟಿಕೊಂಡು ವರ್ಷಾನುಗಟ್ಟಲೆ ಅದಕ್ಕೆ ಹತ್ತಿ ತುಂಬಿದಳು. ಕಿವಿಗೂ ಏನಾದರೂ ಕಟ್ಟಿಕೋ ಎಂದು ಯಾರೂ ಹೇಳಲಿಲ್ಲ. ಆ ಸದ್ದು ಎರಡೂ ಕಿವಿಯನ್ನು ತಿಂದು ಹಾಕಿತು. ನಾನು ಬಾಗೂರಿನ ಕುರಿಗಾರರ ಮನೆಯ ಹುಡುಗಿ. ನನ್ನ ಬಾಣಂತನದಲ್ಲಿ ನಮ್ಮತ್ತೆ ಮುಖ ತಿರುಗಿಸಿದಾಗ ದಿನಾ ಬಿಸಿನೀರು ಕಾಸಿಕೊಟ್ಟವಳು ತಾಜ್ ಬೀ. ಅವಳ ವಿಷಯಕ್ಕೆ ಬಂದರೆ ನನಗೆ ನ್ಯಾಯ ಅನ್ಯಾಯ ತೂಗುವ ತಾಳ್ಮೆ ಇರುವುದಿಲ್ಲ.

ಮಗಳು ಸನೋಬರ್ ನಿಕಾಹ್ ಗೊತ್ತಾದಾಗ ತಾಜ್ ಬೀ ಒಡವೆ, ಬಟ್ಟೆ ಒಂದಕ್ಕೂ ಆಸೆಪಡಲಿಲ್ಲ. ಮಗಳು ‘ಕಬೂಲ್’, ಒಪ್ಪಿದೆ, ಅನ್ನುವುದು ತನ್ನ ಕಿವಿಗೆ ಬೀಳಬೇಕು, ಅಷ್ಟೇ. ತನ್ನ ಮದುವೆಯಲ್ಲಿ ಇವಳು ಎಷ್ಟು ಮೆಲ್ಲಗೆ ಅಂದಿದ್ದಳೆಂದರೆ ಪಕ್ಕದಲ್ಲಿ ಕೂತ ತಾಯಿಗೇ ಕೇಳಿರಲಿಲ್ಲವಂತೆ. ಆಕೆ ಸಾಯುವ ತನಕ ಅದನ್ನೇ ಆಡಿಕೊಂಡಳಂತೆ. ಹಾಗಾಗಿ ಕೆಟ್ಟು ಮೂಲೆಗೆ ಬಿದ್ದಿದ್ದ, ಕಿವಿಗಿಟ್ಟರೆ ಮಾತು ಕೇಳಿಸುವ ಅವಳ ಮಿಷನ್ನನ್ನು ರಿಪೇರಿಗೆ ಬೆಂಗಳೂರಿಗೆ ಕಳಿಸಿದರು. ರಿಪೇರಿ ಬೇಗನೇ ಆಯಿತು. ವಾಪಸ್ ಬರುವುದು ಪಾರ್ಸೆಲ್ಲಿನಲ್ಲಿ.

ಪಾರ್ಸೆಲ್ ಬರಲಿಲ್ಲ. ಸನೋಬರ್ ಫೋನಿಗೆ ಮೆಸೇಜ್ ಬಂತು: ಮನೆಗೆ ಹೋಗಿದ್ದೆವು, ಬಾಗಿಲು ಹಾಕಿತ್ತು. ಪಾರ್ಸೆಲ್ ಕಂಪನಿಗೆ ಫೋನು ಮಾಡಿದರೆ, ನಮ್ಮವನ ಫೋನು ನಿಮ್ಮ ಮನೆ ಹತ್ತಿರವೇ ಇದ್ದದ್ದು ನಮಗೆ ಕಾಣುತ್ತದೆ, ಬೆಲ್ ಹೊಡೆದರೂ ಯಾರೂ ತೆಗೆಯಲಿಲ್ಲ ಎಂದರು. ಫಜಲುಲ್ಲಾ ಹೆಂಡತಿಯ ಮುಖ ನೋಡಿದರು. ಕಿವುಡಿ ಏನು ಹೇಳಿಯಾಳು? ಮಾರನೇ ದಿನದಿಂದ ಅವಳು ತೆರೆದ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಳು. ಬಚ್ಚಲಿಗೆ ಹೋಗಬೇಕಾದರೂ ನನ್ನನ್ನು ಕರೆದು ಕೂರಿಸಿ ಹೋಗುತ್ತಿದ್ದಳು. ಆದರೂ ಅದೇ ಮೆಸೇಜ್. ಕೊನೆಗೆ, ತನ್ನ ಕಣ್ಣೂ ಹೋಗಿರಬೇಕು ಎಂದು ಅಳುವುದಕ್ಕೆ ಶುರುಮಾಡಿದಳು.

ಅವರ ಮನೆಯ ಪಕ್ಕದ ಸಂದಿಯಲ್ಲೊಂದು ಕಲ್ಲುಬೆಂಚು ಇದೆ. ದಾರಿಹೋಕರಿಗೆಂದು ಫಜಲುಲ್ಲಾ ಅಲ್ಲಿ ನೀರಿನ ಮಡಕೆ ಇಡುತ್ತಾರೆ, ಅವರ ತಾತನ ಕಾಲದಿಂದಲೂ ಇರುವ ಪದ್ಧತಿ. ನಾನು ಮುಸುರೆ ಬಕೆಟ್ ಹಿಡಿದು ಆ ಸಂದಿಗೆ ಹೋದಾಗ ಕನಕರಾಜ್ ಪಾರ್ಸೆಲ್ ಕಂಪನಿಯ ಅಂಗಿಯಲ್ಲೇ ಬೆಂಚಿನ ಮೇಲೆ ಕಾಲು ಚಾಚಿ ಫೋನು ಒತ್ತುತ್ತಿದ್ದ. ಚೀಲವಿಲ್ಲ, ಪಾರ್ಸೆಲ್ಲಿಲ್ಲ. ಅಷ್ಟರಲ್ಲಿ ನನ್ನ ಫೋನು ಟಿಂಗ್ ಎಂದಿತು. ನಾನು ತರಿಸಿದ ಕುಕ್ಕರಿನ ಮೆಸೇಜ್: ಬಾಗಿಲು ಹಾಕಿತ್ತು.

“ಮೀನಾಕ್ಷಿ ಮನೆ ಬಾಗ್ಲು ಹಾಕೈತೇನಪ್ಪ?” ಅಂದೆ.

“ಹೋಗ್ಬಂದೆ ಅಕ್ಕ, ಯಾರೂ ಇರ್ಲಿಲ್ಲ,” ಎಂದ, ತಲೆ ಎತ್ತದೆ.

“ನಾನೇ ಕಣಪ್ಪ ಮೀನಾಕ್ಷಿ. ನಿನ್ನ ಮುಂದೇ ನಿಂತೀನಿ.”

ಆಮೇಲೆ ಬಾಯಿ ಬಿಟ್ಟ. ನಮ್ಮ ಏರು ಓಣಿಗೆ ಬೈಕು ಹತ್ತುವುದಿಲ್ಲ, ಚೀಲ ಹೊರುವುದಕ್ಕೆ ಇವನಿಗೆ ಸೋಮಾರಿತನ. ಚೀಲವನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬಿಟ್ಟು ಬರಿಗೈಯಲ್ಲಿ ಬರುತ್ತಾನೆ. ವಿಳಾಸದ ಹತ್ತಿರ ಬಾರದೆ ‘ಬಾಗಿಲು ಹಾಕಿತ್ತು’ ಎಂದು ಒತ್ತಿದರೆ ಕಂಪನಿಯ ಆ್ಯಪ್ ಒಪ್ಪುವುದಿಲ್ಲ. ಓಣಿಯಲ್ಲಿ ಫೋನಿನ ನೆಟ್ ಸಿಗುವುದಿಲ್ಲ, ಬೆಂಚಿನ ತನಕ ಬರುವ ಫಜಲುಲ್ಲಾ ಸಾಬರ ವೈಫೈಗೆ ಪಾಸ್‌ವರ್ಡ್ ಇಲ್ಲ. ಆ ಬೆಂಚಿನ ಮೇಲೆ ಕೂತೇ ಇಡೀ ಓಣಿಯ ಬಾಗಿಲು ಹಾಕಿ ಹೋಗುತ್ತಿದ್ದ. ತಾಜ್ ಬೀ ಪಾರ್ಸೆಲ್ ಎಲ್ಲಿ ಎಂದು ಕೇಳಿದೆ.

“ಮೂರು ಸಲ ಆಯ್ತಲ್ಲ ಅಕ್ಕ, ಬೆಳಿಗ್ಗೆನೇ ಬೆಂಗ್ಳೂರಿಗೆ ವಾಪಸ್ ಹೋತು.”

ಬಕೆಟ್ಟು ಕೈ ಜಾರಿ ಮುಸುರೆಯೆಲ್ಲ ಅವನ ಪ್ಯಾಂಟಿನ ಮೇಲೆ ಬಿತ್ತು. ಜಾರಿತು ಅಂತಲೇ ಇಟ್ಟುಕೊಳ್ಳಿ.

ನೇರ ಫಜಲುಲ್ಲಾ ಹತ್ತಿರ ಹೋದೆ. ವೈಫೈ ಹಾಕಿಸಿದ ದಿನ ಸನೋಬರ್ ಇಟ್ಟಿದ್ದ ಪಾಸ್‌ವರ್ಡನ್ನು ಹಟಮಾಡಿ ತೆಗೆಸಿದವರು ಇವರೇ. “ದಾರಿಯೋರಿಗೆ ನೀರಿಟ್ಟು ನೆಟ್ಟಿಗೆ ಬೀಗ ಹಾಕಾಣೇನು?” ಎಂದು ಅವತ್ತು ಓಣಿಗೆಲ್ಲ ಕೇಳುವಂತೆ ಅಂದಿದ್ದರು.

“ನೀರು ಕುಡ್ದೋನು ಎದ್ದು ಹೋಗ್ತಾನೆ ಸಾಬ್ರೇ,” ಅಂದೆ. “ಇವನು ನಿಮ್ಮ ನೆಟ್ಟಲ್ಲೇ ನಿಮ್ಮ ಹೆಂಡ್ತಿನ ಸುಳ್ಳಿ ಮಾಡ್ಯಾನೆ. ನೀವೂ ನಂಬಿದ್ರಿ.”

ಅವರು ಮಗಳನ್ನು ಕರೆದರು. ಸಂಜೆಯೊಳಗೆ ಸನೋಬರ್ ಪಾಸ್‌ವರ್ಡ್ ಹಾಕಿದಳು. ವೈಫೈ ಡಬ್ಬಿಯೊಳಗೆ ಅದನ್ನು ಮಾಡಿದವರೇ ಇಟ್ಟುಕಳಿಸಿದ್ದ ಪಾಸ್‌ವರ್ಡನ್ನೂ ಬದಲಾಯಿಸಿ, ಗುರುತಿಲ್ಲದ ಫೋನುಗಳನ್ನೆಲ್ಲ ಹೊರಗೆ ಹಾಕಿದಳು. ಬೆಂಗಳೂರಿನವರು ಮತ್ತೆ ಕಳಿಸುತ್ತೇವೆ ಎಂದರು. ನಿಕಾಹ್ ಯಾರಿಗೆ ಕಾಯುತ್ತದೆ?

ಹಿರಿಯರು ಹೆಂಗಸರ ಕೋಣೆಗೆ ಬಂದು ಒಪ್ಪಿಗೆ ಕೇಳಿದಾಗ ಸನೋಬರ್ ‘ಕಬೂಲ್’ ಎಂದು ಹೊರಗಿದ್ದ ಗಂಡಸರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು. ಮದುಮಗಳು ಹೀಗೆ ಕೂಗುವುದೇ ಎಂದು ಯಾರೋ ಮುಸಿಮುಸಿ ನಕ್ಕರು. ತಾಜ್ ಬೀ ಮಗಳ ತುಟಿಯನ್ನೇ ನೋಡುತ್ತಿದ್ದಳು, ತುಟಿಯ ಮೇಲೆ ಹೂವಿನ ಮುಸುಕಿತ್ತು. “ಅಂದ್ಳಾ?” ಎಂದು ನನ್ನ ಕೈ ಹಿಡಿದು ಕೇಳಿದಳು. ತಲೆ ಆಡಿಸಿದೆ.

ಮಗಳು ಹಿರಿಯೂರಿನ ಗಂಡನ ಮನೆಗೆ ಹೋದ ಮೇಲೆ ಕನಕರಾಜ್ ಪಾರ್ಸೆಲ್ ಹಿಡಿದು ಬಾಗಿಲಿಗೇ ಬಂದ. ತಾಜ್ ಬೀ ನಿಂತಲ್ಲೇ ಬಿಚ್ಚಿ, ಮಿಷನ್ನನ್ನು ಕಿವಿಗಿಟ್ಟು ಗುಂಡಿ ಒತ್ತಿದಳು.

“ಮನಸ್ಸಿಗೆ ಹಚ್ಕಬ್ಯಾಡ್ರಿ ಅಮ್ಮ, ಬಂತಲ್ಲ,” ಎಂದ ಅವನು.

ಅವಳಿಗೆ ಕೇಳಿಸಿತು. ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, “ಇವನ ದನಿ ಕೇಳಾಕೇನೇ ನಾನು ಕಾಯ್ಕಂಡು ಕುಂತಿದ್ದು?” ಎಂದು ಮಿಷನ್ನು ಕಿತ್ತು ನನ್ನ ಕೈಗಿಟ್ಟು ಒಳಗೆ ಹೋದಳು.